ಮುಚ್ಚಳ ತೆಗೆಯುವವನ ಗ್ವಾಕಮೊಲಿ

ಮುಚ್ಚಿಟ್ಟ ಪಾತ್ರೆ ಕಂಡರೆ ಅದರ ಮುಚ್ಚಳ ತೆಗೆದು ನೋಡದೆ ಇರಲು ನನ್ನಿಂದ ಆಗುವುದಿಲ್ಲ. ಇದನ್ನು ಕೆಲವರು ಬಾಯಿಚಪಲ ಎಂದು ತಿಳಿದಿದ್ದಾರೆ. ಚಪಲವಾಗಿದ್ದರೆ ಎಷ್ಟೋ ಚೆನ್ನಾಗಿತ್ತು, ತಿಂದ ಮೇಲಾದರೂ ಸಮಾಧಾನವಾಗುತ್ತಿತ್ತು. ನನ್ನದು ಚಪಲವಲ್ಲ, ಕಾಳಜಿ. ಒಳಗಿರುವುದು ಸರಿಯಾಗಿದೆಯೋ ಇಲ್ಲವೋ ಎಂಬ ಕಾಳಜಿ. ಅನ್ನ ಅರಳುತ್ತಿದ್ದರೆ ಅರಳುತ್ತಿದೆಯೋ ಎಂದು ನೋಡುತ್ತೇನೆ, ನೋಡಿದ್ದರಿಂದ ಅರಳುವುದು ನಿಂತಿತೋ ಎಂದು ಮತ್ತೆ ನೋಡುತ್ತೇನೆ. ನಮ್ಮ ಅಡುಗೆಮನೆಯಲ್ಲಿ ನನ್ನನ್ನು ಸೋಲಿಸಿದ ಪಾತ್ರೆ ಒಂದೇ, ಅದು ಕುಕ್ಕರ್. ಅದನ್ನು ಕಂಡುಹಿಡಿದ ಪುಣ್ಯಾತ್ಮನ ಮನೆಯಲ್ಲೂ ನನ್ನಂಥವನೊಬ್ಬ ಇದ್ದಿರಬೇಕು.

ಈ ಸ್ವಭಾವ ಅಡುಗೆಮನೆಗಷ್ಟೇ ಸೀಮಿತವಲ್ಲ. ಮನೆಗೆ ಕೀಲಿ ಹಾಕಿದ ಮೇಲೆ ಜಗ್ಗಿ ನೋಡುತ್ತೇನೆ, ಗೇಟಿನವರೆಗೆ ಹೋಗಿ ವಾಪಸು ಬಂದು ಇನ್ನೊಮ್ಮೆ ಜಗ್ಗುತ್ತೇನೆ. ಹೋದ ವರ್ಷ ಬೀಗರ ಮನೆಯ ಮದುವೆಗೆ ಹೊರಟಾಗ ಹೀಗೇ ಜಗ್ಗಿ ಜಗ್ಗಿ ಚಿಲಕದ ಕೊಂಡಿಯೇ ಕಿತ್ತು ಕೈಗೆ ಬಂತು. ನನ್ನ ಹೆಂಡತಿ ಮಹಾದೇವಿ ಒಬ್ಬಳೇ ಮದುವೆಗೆ ಹೋದಳು, ನಾನು ಕೊಂಡಿ ಇಲ್ಲದ ಬಾಗಿಲಿಗೆ ಬೆನ್ನು ಕೊಟ್ಟು ಮನೆ ಕಾಯ್ದೆ. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ಲೆಕ್ಕ ಬಿಡಿಸಿ ತೋರಿಸಿದ ಮೇಲೆ "ತಿಳೀತೇನು?" ಎಂದು ಕೇಳುತ್ತೇನೆ. ಹುಡುಗರು ಹೌದೆನ್ನುತ್ತಾರೆ. "ಖರೇನ ತಿಳೀತೇನು?" ಎನ್ನುತ್ತೇನೆ. ತಿಳಿದವರಿಗೂ ಸಂಶಯ ಹುಟ್ಟುವವರೆಗೆ ಕೇಳುತ್ತೇನೆ. ಆಮೇಲೆ ಎಲ್ಲರೂ ಇಲ್ಲವೆನ್ನುತ್ತಾರೆ, ನಾನು ಮೊದಲಿನಿಂದ ಶುರು ಮಾಡುತ್ತೇನೆ.

ಮೊಸರಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಮದುವೆಯಾದ ಹೊಸತರಲ್ಲಿ ಮಹಾದೇವಿ ಹಾಲಿಗೆ ಹೆಪ್ಪು ಹಾಕಿಟ್ಟರೆ ನಾನು ಆಗಾಗ ಹೋಗಿ ತಟ್ಟೆ ಸರಿಸಿ, ಪಾತ್ರೆಯನ್ನು ವಾಲಿಸಿ, ಗಟ್ಟಿಯಾಯಿತೋ ಎಂದು ನೋಡುತ್ತಿದ್ದೆ. ಅವಳು ಕೆಲವು ದಿನ ಬೈದಳು. ಆಮೇಲೆ ಯಾಕೋ ಬೈಯುವುದನ್ನು ಬಿಟ್ಟು, ದೊಡ್ಡ ಪಾತ್ರೆಯನ್ನು ನನ್ನ ಕೈಗೆ ಎಟುಕದ ಮೇಲಿನ ಫಳಿಯ ಮೇಲೆ ಇಟ್ಟು, ಒಂದು ಸಣ್ಣ ಬಟ್ಟಲಿನಲ್ಲಿ ಬೇರೆಯಾಗಿ ಹೆಪ್ಪು ಹಾಕಿ ಒಲೆಯ ಕಟ್ಟೆಯ ಮೇಲೆ ಇಡತೊಡಗಿದಳು. ನನಗೆ ಮೊಸರೆಂದರೆ ಪ್ರಾಣ, ಅದಕ್ಕೇ ಗಂಡನ ಪಾಲು ಬೇರೆ ತೆಗೆದಿಡುತ್ತಾಳೆ ಎಂದು ನಾನು ಒಳಗೊಳಗೇ ಉಬ್ಬಿದ್ದೆ. ಆ ಬಟ್ಟಲಿನ ಮೊಸರು ಮಾತ್ರ ಯಾವತ್ತೂ ಒಡೆದು ನೀರು ನೀರಾಗಿಯೇ ಇರುತ್ತಿತ್ತು. ಹಾಲು ಒಂದೇ, ಹೆಪ್ಪು ಒಂದೇ, ಮೇಲಿನ ಪಾತ್ರೆಯದು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿ. ಬಟ್ಟಲಿನ ದೋಷವಿರಬೇಕು ಎಂದುಕೊಂಡು ಒಂದೆರಡು ಸಲ ಬಟ್ಟಲನ್ನೇ ಬದಲಿಸಿಯೂ ನೋಡಿದೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ನಮ್ಮ ಮೂಲ ಊರು ಐನಾಪುರ. ಅಲ್ಲಿ ನಮ್ಮದು ಜಂಟಿ ಹೊಲ, ಅದರಲ್ಲಿ ಕಬ್ಬೂ ದ್ರಾಕ್ಷಿಯೂ ಇವೆ. ಜಂಟಿ ಎಂದರೆ ಉತಾರೆಯಲ್ಲಿ, ಅಂದರೆ ಪಹಣಿಯಲ್ಲಿ, ನನ್ನ ಹೆಸರಿದೆ ಎಂದಷ್ಟೇ ಅರ್ಥ. ಹೊಲದಲ್ಲಿ ಏನು ಬಿತ್ತಬೇಕು, ಯಾವಾಗ ನೀರು ಬಿಡಬೇಕು ಎಂಬುದೆಲ್ಲ ನನ್ನ ಅಣ್ಣ ಬಾಳಾಸಾಹೇಬನ ಮಾತು. ಅದರ ಬಗ್ಗೆ ನನಗೆ ತಕರಾರಿಲ್ಲ. ನಾನು ಹೊಲ ನೋಡಿಕೊಂಡಿದ್ದರೆ ಬಿತ್ತಿದ ಬೀಜವನ್ನು ಮೊಳೆಯಿತೋ ಎಂದು ದಿನಾ ಅಗೆದು ನೋಡುತ್ತಿದ್ದೆ. ಈ ಹೊಲದ ಒಂದು ಮೂಲೆಯಲ್ಲಿ ದ್ರಾಕ್ಷಿ ಬಳ್ಳಿ ಹಳತಾಗಿ, ಕಿತ್ತು ಹಾಕಿ, ಜಾಗ ಖಾಲಿಯಾಗಿತ್ತು. ಅದರ ಮೇಲೆ ನನ್ನ ಮಗಳು ಅಕ್ಷತಾಳ ಕಣ್ಣು ಬಿತ್ತು.

ಅಕ್ಷತಾ ತೋಟಗಾರಿಕೆ ಕಲಿತವಳು. ಕಲಿತ ಮೇಲೆ ನೌಕರಿಗೆ ಅರ್ಜಿ ಹಾಕು ಎಂದರೆ "ನಮ್ದ ಹೊಲ ಇದ್ದಾಗ ಮಂದಿ ಹೊಲದಾಗ ಯಾಕ ದುಡೀಲಿ?" ಎಂದಳು. ಖಾಲಿ ಜಾಗದಲ್ಲಿ ಬೆಣ್ಣೆಹಣ್ಣು, ಎಂದರೆ ಅವೊಕಾಡೊ, ಹಚ್ಚಬೇಕೆಂಬುದು ಅವಳ ಹಟ. ದೊಡ್ಡಪ್ಪನ ಮುಂದೆ ಈ ಮಾತು ತೆಗೆಯುವ ಧೈರ್ಯ ನನಗಿಲ್ಲ, ಅವಳಿಗೆ ಇದೆ. ನೇರವಾಗಿ ಫೋನ್ ಹಚ್ಚಿ, ಫೋನನ್ನು ದೊಡ್ಡ ದನಿಗೆ ಹಾಕಿ ಮಾತಾಡಿದಳು. ನಾನು ಪಕ್ಕದಲ್ಲಿ ನಿಂತು ಬೆವರಿದೆ.

"ಅದ ಹಣ್ಣ ನಾ ತಿಂದೇನಿ ಬೇ," ಎಂದ ಅಣ್ಣ. "ಸಾಂಗಲಿ ಒಳಗ ಒಂದ ಲಗ್ನದಾಗ ಕೊಯ್ದ ಇಟ್ಟಿದ್ರು. ಕರ್ರಗ ಆಗಿತ್ತು, ಬಾಯಾಗ ಹಾಕಿದ್ರ ಸಾಬಾಣ ತಿಂದಂಗ ಆತು. ಕೊಯ್ದ ಗಳಿಗ್ಗೆ ಕರ್ರಗ ಆಗೂ ಹಣ್ಣ ಹಚ್ಚಿ ಏನ್ ಮಾಡ್ತಿ?"

ಇಲ್ಲಿ ನನ್ನ ಅಣ್ಣನ ಬಗ್ಗೆ ಒಂದು ಮಾತು ಹೇಳಬೇಕು. ಅವನು ಒಣದ್ರಾಕ್ಷಿ ಮಾಡುವವನು. ನಮ್ಮ ಕಡೆ ಅದಕ್ಕೆ ಮನೂಕ ಎನ್ನುತ್ತಾರೆ. ಮನೂಕದ ದಂಧೆಯಲ್ಲಿ ಬಣ್ಣವೇ ದೇವರು. ಹಸಿರು ಉಳಿದರೆ ಮಾಲು, ಕಪ್ಪಾದರೆ ಬರೀ ಕಾಳು. ಹೀಗಾಗಿ ಅವನು ಯಾವುದನ್ನೇ ಆಗಲಿ ರುಚಿ ನೋಡುವ ಮೊದಲು ಬಣ್ಣ ನೋಡುತ್ತಾನೆ. ನನಗೆ ಹೆಣ್ಣು ನೋಡಲು ಹೋದಾಗಲೂ ಅವಲಕ್ಕಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಅರಿಶಿಣ ಜಾಸ್ತಿ ಆಗೇತಿ, ಆದ್ರ ಮಂದಿ ಚಲೋ ಅದಾರ" ಎಂದು ಒಪ್ಪಿಗೆ ಕೊಟ್ಟವನು ಅವನು.

ಅಕ್ಷತಾ ಬಿಡಲಿಲ್ಲ. "ದೊಡ್ಡಪ್ಪಾ, ನೀವ ಚಿಕ್ಕೋಡಿಗೆ ಬರ್ರಿ. ನಾ ಅದರಾಗ ಒಂದ ಅಡಿಗಿ ಮಾಡಿ ಇಟ್ಟಿರ್ತೀನಿ. ನೀವ ಬರೂ ಮಟಾ ಹಸರ ಇರ್ತೈತಿ. ಇಲ್ಲಾಂದ್ರ ನಾ ಮತ್ತ ಆ ಗಿಡದ ಹೆಸರ ಎತ್ತೂದಿಲ್ಲ."

"ಹಸರ ಇದ್ರ ಹಚ್ಚೂಣಂತ," ಎಂದ ಅಣ್ಣ. "ಕರ್ರಗ ಆಗಿದ್ರ ಆ ಜಾಗಾದಾಗ ಕಬ್ಬ. ಐತವಾರ ಮಧ್ಯಾನ್ನ ಊಟಕ್ಕ ಬರ್ತೀನಿ."

ಫೋನು ಇಟ್ಟ ಮೇಲೆ ಅವಳು ಹಾಯಾಗಿ ಚಹಾ ಕುಡಿದಳು. ನನಗೆ ಆ ಹೊತ್ತಿನಿಂದ ಅನ್ನ ಇಳಿಯಲಿಲ್ಲ. ಎಂಥ ಮಾತು ಕೊಟ್ಟಳು ನೋಡಿ! ಕೊಯ್ದರೆ ಕಪ್ಪಾಗುವುದು ಆ ಹಣ್ಣಿನ ಜಾತಿಗುಣ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ನಮ್ಮ ಹಿರಿಯರೇ ಹೇಳಿದ್ದಾರೆ. ಮಗಳ ಬಾಳೆಲ್ಲ ಒಂದು ಬಟ್ಟಲಿನ ಬಣ್ಣದ ಮೇಲೆ ನಿಂತಿತು.

ಹಣ್ಣುಗಳನ್ನು ಅವಳು ನಿಪ್ಪಾಣಿಯಿಂದ ತಂದಳು. ಹೆಸರಿಗೆ ಬೆಣ್ಣೆಹಣ್ಣು, ಮುಟ್ಟಿದರೆ ಬೀಸುವ ಕಲ್ಲು. ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟು, "ಪಪ್ಪಾ, ಐತವಾರ ಮುಂಜಾನಿ ಮಟಾ ಕೈ ಹಚ್ಚಬ್ಯಾಡ್ರಿ" ಎಂದಳು. ನಾನು ಕೈ ಹಚ್ಚಲಿಲ್ಲ. ಹೆಬ್ಬೆರಳು ಮಾತ್ರ ಹಚ್ಚಿದೆ. ಶಾಲೆಗೆ ಹೋಗುವಾಗ ಒಮ್ಮೆ, ಬಂದ ಮೇಲೆ ಒಮ್ಮೆ, ಮೆತ್ತಗಾಯಿತೋ ಎಂದು ಒತ್ತಿ ನೋಡಿದೆ. ಆದಿತ್ಯವಾರ ಬೆಳಿಗ್ಗೆ ಅವಳು ಹಣ್ಣು ಕೊಯ್ದಾಗ ಒಂದೆರಡರ ಒಳಗೆ, ಸರಿಯಾಗಿ ನನ್ನ ಹೆಬ್ಬೆರಳಿನ ಅಳತೆಯ ಕಂದು ಕಲೆಗಳಿದ್ದವು. ಅವಳು ಆ ಕಲೆಗಳನ್ನು ನೋಡಿದಳು, ನನ್ನ ಹೆಬ್ಬೆರಳನ್ನು ನೋಡಿದಳು, ಕಲೆಯ ಭಾಗವನ್ನು ಚಮಚದಿಂದ ತೆಗೆದು ಹಾಕಿದಳು. ಪೊಲೀಸರು ಬೆರಳಚ್ಚು ತೆಗೆದಾಗ ಕಳ್ಳನಿಗೆ ಏನನ್ನಿಸುತ್ತದೆ ಎಂಬುದು ನನಗೆ ಅವತ್ತು ತಿಳಿಯಿತು.

ಅವಳು ಮಾಡಹೊರಟ ಅಡುಗೆಯ ಹೆಸರು ಗ್ವಾಕಮೊಲಿ, ಮೆಕ್ಸಿಕೋ ದೇಶದವರ ಬೆಣ್ಣೆಹಣ್ಣಿನ ಚಟ್ನಿ. ಅದನ್ನು ಮಾಡುವುದು ಕಣ್ಣಾರೆ ಕಂಡ ಮೇಲೆ ಹೇಳುತ್ತೇನೆ, ಇಷ್ಟು ಸುಲಭದ ಅಡುಗೆ ಇನ್ನೊಂದಿಲ್ಲ. ಒಲೆ ಬೇಡ, ಎಣ್ಣೆ ಬೇಡ. ಹಣ್ಣನ್ನು ಎರಡು ಹೋಳು ಮಾಡಿ, ಬೀಜ ತೆಗೆದು, ತಿರುಳನ್ನು ಚಮಚದಿಂದ ತೋಡಿ ಕಲ್ಲಿನ ಕುಟ್ಟಣಿಗೆಯಲ್ಲಿ ಹಾಕಿ ಅರೆಬರೆ ಜಜ್ಜಿದಳು. ತೀರ ನುಣ್ಣಗೆ ಮಾಡಬಾರದಂತೆ, ಅಲ್ಲಲ್ಲಿ ತುಂಡು ಸಿಗಬೇಕಂತೆ. ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಹಸಿ ಮೆಣಸಿನಕಾಯಿ, ಕೊತ್ತಂಬರಿ, ಬೀಜ ತೆಗೆದ ಟೊಮೆಟೊ, ಉಪ್ಪು, ಮೇಲೆ ಧಾರಾಳವಾಗಿ ನಿಂಬೆರಸ. ಅಷ್ಟೇ. ಮಹಾದೇವಿ ಹೋಳಿಗೆಯ ಹೂರಣ ರುಬ್ಬುವುದನ್ನು ಬಿಟ್ಟು ಬಂದು ನೋಡಿದಳು.

"ಒಗ್ಗರಣಿ ಯಾವಾಗ ಹಾಕ್ತಿ?"

"ಇದಕ್ಕ ಒಗ್ಗರಣಿ ಇಲ್ಲ ಅವ್ವಾ."

"ಒಗ್ಗರಣಿ ಇಲ್ಲಂದ್ರ ಅಡಿಗಿ ಹೆಂಗಾತು? ಇನ್ನೂ ಅರ್ಧಾ ಆಗೇತಿ ಅನ್ನು," ಎಂದು ಅವಳು ಹೂರಣಕ್ಕೆ ಮರಳಿದಳು. ಆದರೂ ಬೆರಳಿನ ತುದಿಯಲ್ಲಿ ಒಂದಿಷ್ಟು ತೆಗೆದು ನೆಕ್ಕಿ, "ಬಾಣಂತಿಗೆ ಚಲೋ" ಎಂದಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ.

ಅದನ್ನು ಕೆಡದಂತೆ ಇಡುವ ವಿದ್ಯೆಯನ್ನೂ ಅಕ್ಷತಾ ವಿವರಿಸಿದಳು. ಅದರ ವೈರಿ ಗಾಳಿ. ಗಾಳಿ ತಾಗಿದರೆ ಕಪ್ಪು, ತಾಗದಿದ್ದರೆ ಹಸಿರು. ಆದ್ದರಿಂದ ಬಟ್ಟಲಿನ ಕಂಠದವರೆಗೆ ತುಂಬಬೇಕು, ಚಮಚದ ಬೆನ್ನಿನಿಂದ ಒತ್ತಿ ಸಮ ಮಾಡಬೇಕು, ಮೇಲೆ ಇನ್ನಷ್ಟು ನಿಂಬೆರಸ ಸವರಿ, ತೆಳು ಪ್ಲಾಸ್ಟಿಕ್ ಹಾಳೆಯನ್ನು ಅದಕ್ಕೆ ಅಂಟುವ ಹಾಗೆ ಒತ್ತಿ ಕೂರಿಸಬೇಕು, ನಡುವೆ ಗಾಳಿಯ ಗುಳ್ಳೆ ಉಳಿಯಬಾರದು. ಮೇಲೊಂದು ಮುಚ್ಚಳ. ಆಮೇಲೆ ಫ್ರಿಜ್ಜು. "ಇಷ್ಟ ಮಾಡಿದ್ರ ನಾಳಿ ಮಟಾನೂ ಹಸರ ಇರ್ತೈತಿ ಪಪ್ಪಾ. ಒಂದ ಮಾತ್ ಅಂದ್ರ, ತಗದ ತಗದ ನೋಡಬಾರದು." ಕಡೆಯ ಮಾತು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ, ಬಟ್ಟಲಿನ ಮುಖ ನೋಡಿದಳು. ಆಮೇಲೆ ಟವೆಲ್ಲಿನಲ್ಲಿ ಏನನ್ನೋ ಮುಚ್ಚಿಕೊಂಡು ಪಕ್ಕದ ಮನೆಯ ಜುಬೇದಾ ಚಾಚಿಯ ಹತ್ತಿರ ಹೋಗಿ ಬಂದಳು. ಹಬ್ಬಹುಣ್ಣಿಮೆಗೆ ಆ ಮನೆಗೂ ಈ ಮನೆಗೂ ಡಬ್ಬಿಗಳು ಓಡಾಡುವುದು ಇದ್ದದ್ದೇ. ನಾನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಂತರ ಅವಳು ಖಡಕ್ ರೊಟ್ಟಿ ತರಲು ಸ್ಕೂಟಿ ಹತ್ತಿ ಹೋದಳು. ನಾನೂ ಫ್ರಿಜ್ಜೂ ಉಳಿದೆವು.

ಸ್ವಲ್ಪ ಹೊತ್ತು ಪೇಪರ್ ಓದಿದೆ. ಓದಿದ್ದೊಂದೂ ತಲೆಗೆ ಹೋಗಲಿಲ್ಲ. ಪ್ಲಾಸ್ಟಿಕ್ಕಿನ ಕೆಳಗೆ ಒಂದು ಗುಳ್ಳೆ ಉಳಿದಿದ್ದರೆ? ಹುಡುಗಿ ಗಡಿಬಿಡಿಯಲ್ಲಿ ನೋಡಿರಲಿಕ್ಕಿಲ್ಲ. ತಂದೆಯಾದವನು ಒಮ್ಮೆ ಪರೀಕ್ಷಿಸುವುದು ಕರ್ತವ್ಯ. ಹೋಗಿ ಮುಚ್ಚಳ ತೆಗೆದೆ. ಹಸಿರಾಗಿತ್ತು. ಎಂಥ ಹಸಿರು! ಮನಸ್ಸು ತಂಪಾಯಿತು. ಆ ತಂಪು ಫ್ರಿಜ್ಜಿನ ಬಾಗಿಲು ಹಾಕುವವರೆಗೆ ಇತ್ತು. ಹಾಕಿದ ಕೂಡಲೇ ಹೊಸ ಸಂಶಯ ಬಂತು. ಒಳಗಿನ ದೀಪ ಹಳದಿ. ಹಳದಿ ಬೆಳಕಿನಲ್ಲಿ ಕಪ್ಪಾಗುತ್ತಿರುವುದು ಕಾಣದೆ ಹೋಗಿರಬಹುದಲ್ಲ? ಅಣ್ಣ ನೋಡುವುದು ಬಿಸಿಲಿಗೆ ಹಿಡಿದು. ಬಟ್ಟಲನ್ನು ಅಂಗಳಕ್ಕೆ ತಂದೆ. ಪ್ಲಾಸ್ಟಿಕ್ಕಿನ ಮೇಲೆ ಬಿಸಿಲು ಹೊಳೆದು ಏನೂ ಕಾಣಲಿಲ್ಲ. ಒಂದು ಮೂಲೆಯನ್ನು ಸ್ವಲ್ಪವೇ ಎತ್ತಿ ನೋಡಿದೆ. ಅಲ್ಲೂ ಹಸಿರೇ. ಆದರೆ ಎತ್ತಿದ ಮೂಲೆ ಮತ್ತೆ ಮೊದಲಿನಂತೆ ಅಂಟಿಕೊಳ್ಳಲೊಲ್ಲದು. ಒತ್ತಿದರೆ ಆ ಕಡೆ ಸುಕ್ಕು, ಆ ಕಡೆ ಸರಿಮಾಡಿದರೆ ಈ ಕಡೆ ಗುಳ್ಳೆ. ಎಲ್ಲಿಯೂ ಇಲ್ಲದ ಗಾಳಿಯನ್ನು ನಾನೇ ಕರೆದು ಒಳಗೆ ಕೂರಿಸಿದಂತಾಯಿತು.

ಈಗ ಉಳಿದ ದಾರಿ ಒಂದೇ, ಅಣ್ಣ ಬೇಗ ಬರಬೇಕು. ಅವನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಜೀಪ್ ನಡೆಸುವಾಗ ಅವನು ಫೋನ್ ಮುಟ್ಟುವುದಿಲ್ಲ. ಎಲ್ಲಿಯವರೆಗೆ ಬಂದಿದ್ದಾನೆ ಎಂದು ತಿಳಿಯದೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಆಗ ದಾರಿಯ ಮೇಲಿರುವ ಅಂಕಲಿಯಲ್ಲಿ ನಮ್ಮ ಸೋದರಮಾವ ಇದ್ದಾರೆಂಬುದು ನೆನಪಾಯಿತು. ಅವರ ಮನೆ ರಸ್ತೆಗೆ ಹತ್ತಿಯೇ ಇದೆ. ಫೋನ್ ಮಾಡಿ, "ಮಾಮಾ, ಅಣ್ಣನ ಜೀಪ ಹಾದ ಹೋತೇನ್ರಿ?" ಎಂದು ಕೇಳಿದೆ.

ಈ ಕಡೆಯ ಯಾರೇ ಆಗಲಿ ಈ ವಾಕ್ಯ ಓದಿದ ಕೂಡಲೇ ಹಣೆ ಚಚ್ಚಿಕೊಳ್ಳುತ್ತಾರೆ. ಒಬ್ಬ ನೆಂಟ ದಾರಿಯಲ್ಲಿ ಹಾದುಹೋಗುತ್ತಿದ್ದಾನೆ ಎಂಬುದನ್ನು ಇನ್ನೊಬ್ಬ ನೆಂಟನಿಗೆ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಮುಗಿಯಿತು. ಹಾದು ಹೋದದ್ದು ಗೊತ್ತಿಲ್ಲದಿದ್ದರೆ ಯಾರಿಗೂ ಬೇಸರವಿಲ್ಲ, ಗೊತ್ತಿದ್ದೂ ನಿಲ್ಲಿಸದೆ ಬಿಟ್ಟರೆ ಏಳು ತಲೆಮಾರಿಗೆ ಮಾತು. ಮಾವನಿಗೆ ಎಂಬತ್ತು ದಾಟಿದೆ. "ಬಾಳು ಬರಾಕತ್ತಾನೇನು?" ಎಂದರು, ದನಿಯಲ್ಲಿ ಹರೆಯ ಬಂದಿತ್ತು. "ನಾನ ರಸ್ತೇಕ ಹೋಗಿ ನಿಂದರ್ತೀನಿ ತಗೋ." ಬೇಡ ಮಾಮಾ ಎನ್ನುವಷ್ಟರಲ್ಲಿ ಫೋನ್ ಇಟ್ಟಿದ್ದರು. ಕೋಲೂರಿಕೊಂಡು ರಸ್ತೆಯ ನಡುವೆ ನಿಂತ ಸೋದರಮಾವನ ಮೇಲೆ ಜೀಪು ಹಾಯಿಸುವ ಅಳಿಯ ಇನ್ನೂ ಹುಟ್ಟಿಲ್ಲ. ಸ್ವಲ್ಪ ಹೊತ್ತಿಗೆ ಅಣ್ಣನದೇ ಫೋನ್ ಬಂತು.

"ಮಾಮಾ ನಿಂದರಿಸ್ಯಾನಲೇ ತಮ್ಮಾ. ಚಾ ಇಟ್ಟಾರ. ಅವಗ ಹೆಂಗ ಗೊತ್ತಾತೋ ಏನೋ."

"ಯಾರ್ ಹೇಳಿದ್ರೋ ಏನೋ ಬಿಡ್ರಿ," ಎಂದೆ.

ಬರೀ ಚಹಾ ಎಂಬುದು ನಮ್ಮ ಕಡೆ ಬಾಯಿಮಾತು. ಚಹಾದ ಮುಂದೆ ಚುರಮುರಿ, ಚುರಮುರಿಯ ಹಿಂದೆ ಉಪ್ಪಿಟ್ಟು, ಉಪ್ಪಿಟ್ಟಿನ ಮೇಲೆ ಮತ್ತೆ ಚಹಾ. ನಾನು ಫ್ರಿಜ್ಜಿಗೆ ಹೋದೆ. ಸುಕ್ಕು ಇದ್ದ ಕಡೆ ಒಂದು ಗೆರೆ ಕಂದಾಗಿತ್ತು. ಮಹಾದೇವಿ ಹೋಳಿಗೆ ಲಟ್ಟಿಸುತ್ತಿದ್ದಳು, ನನ್ನ ಕಡೆಗೆ ಬೆನ್ನಿತ್ತು. ಚಮಚ ತಂದು ಆ ಗೆರೆಯನ್ನು ಕೆರೆದು ತೆಗೆದು, ಸಾಕ್ಷ್ಯ ಉಳಿಯಬಾರದೆಂದು ತಿಂದುಬಿಟ್ಟೆ. ರುಚಿ ಬಹಳ ಚೆನ್ನಾಗಿತ್ತು. ಆದರೆ ಈಗ ಬಟ್ಟಲು ಕಂಠದವರೆಗೆ ತುಂಬಿರಲಿಲ್ಲ. ಕೆರೆದಲ್ಲಿ ಒಂದು ಹಳ್ಳ, ಹಳ್ಳದಲ್ಲಿ ಗಾಳಿ. ಆ ಹಳ್ಳಕ್ಕೆ ಒಂದು ನಿಂಬೆಹಣ್ಣು ಹಿಂಡಿದೆ. ಆಮೇಲೆ ನಮ್ಮ ರಂಜಕ ನೆನಪಾಯಿತು. ಹಣ್ಣು ಮೆಣಸಿನಕಾಯಿಯ ಆ ಚಟ್ನಿ ವರ್ಷಗಟ್ಟಲೆ ಕೆಡದಿರಲು ಮೇಲೆ ನಿಂತ ಎಣ್ಣೆಯೇ ಕಾರಣ. ಮೆಣಸಿನಕಾಯಿಗೆ ಆಗುವುದು ಬೆಣ್ಣೆಹಣ್ಣಿಗೆ ಯಾಕಾಗಬಾರದು? ಶೇಂಗಾ ಎಣ್ಣೆಯನ್ನು ಒಂದು ಪದರ ಹನಿಸಿದೆ. ಎಣ್ಣೆಯೂ ನಿಂಬೆರಸವೂ ಜಗಳಾಡಿದ ಓರಗಿತ್ತಿಯರಂತೆ ಬೇರೆ ಬೇರೆ ಮೂಲೆಗೆ ಹೋಗಿ ನಿಂತವು. ಹಣ್ಣಿನ ಬೀಜವನ್ನು ಒಳಗಿಟ್ಟರೆ ಕಪ್ಪಾಗುವುದಿಲ್ಲ ಎಂದು ಎಲ್ಲಿಯೋ ಕೇಳಿದ್ದೆ. ಕಸದ ಬುಟ್ಟಿಯಿಂದ ಬೀಜಗಳನ್ನು ಆರಿಸಿ, ತೊಳೆದು, ಸಾಲಾಗಿ ನಾಟಿ ಮಾಡಿದೆ. ಈಗ ಅದು ಗ್ವಾಕಮೊಲಿಯಂತೆ ಕಾಣುತ್ತಿರಲಿಲ್ಲ, ಮಳೆ ಬಿದ್ದ ಹೊಲದಂತೆ ಕಾಣುತ್ತಿತ್ತು.

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಅಣ್ಣ ಅಂಕಲಿ ಬಿಟ್ಟನೆಂದು ಮಾವ ಫೋನ್ ಮಾಡಿ ಎಷ್ಟೋ ಹೊತ್ತಾದರೂ ಜೀಪಿನ ಸುಳಿವಿಲ್ಲ. ಊರ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಷಡ್ಡಕ ಈರಣ್ಣನ ಗೊಬ್ಬರದ ಅಂಗಡಿ ಇದೆ. ಈ ಸಲ ನಾನು ಜಾಣತನದಿಂದ ಮಾತಾಡಿದೆ. ಅಣ್ಣನ ಹೆಸರು ಎತ್ತಲೇ ಇಲ್ಲ. "ಈರಣ್ಣಾ, ಅಲ್ಲಿ ಒಂದ ಬಿಳೀ ಜೀಪ ಕಾಣಸ್ತೈತೇನ ನೋಡು" ಎಂದಷ್ಟೇ ಕೇಳಿದೆ. ಈರಣ್ಣ ಹೊರಗೆ ಬಂದು ನೋಡಿದ. ನೋಡಿದವನು ಸುಮ್ಮನಿರಬೇಕಲ್ಲ! ಫೋನಿನಲ್ಲಿ ನನಗೇ ಕೇಳಿಸುವ ಹಾಗೆ, ಬನ್ನಿ ಕೂಡಿ ಎಂಬುದನ್ನು ಮರಾಠಿಯಲ್ಲಿ ಬೆರೆಸಿ, "ಓಹೋಹೋ ಬಾಳಾಸಾಹೇಬ್ರು! ಯಾ, ಯಾ, ಬಸಾ! ಅಂಗಡಿ ಮುಂದ ಹಾದ ಒಳಗ ಬರ್ಲಾರ್ದ ಹೆಂಗ ಹೊಕ್ಕೀರಿ?" ಎಂದು ಕೂಗಿದ. ಚಹಾ ತರಿಸಲು ಹುಕುಂ ಮಾಡಿದ್ದೂ ಕೇಳಿಸಿತು. ನಾನು ಮೆಲ್ಲಗೆ ಫೋನ್ ಆರಿಸಿದೆ.

ಅಷ್ಟರಲ್ಲಿ ಕರೆಂಟ್ ಹೋಯಿತು. ದಿನಾ ಹೋಗುವ ಕರೆಂಟೇ, ಅದರ ತಪ್ಪಿಲ್ಲ. ಆದರೆ ತಣ್ಣಗಿನ ಗಾಳಿಗಿಂತ ಬೆಚ್ಚಗಿನ ಗಾಳಿ ಹೆಚ್ಚು ಕೆಡಿಸುತ್ತದೆ ಎಂದು ನನ್ನ ಲೆಕ್ಕ. ಬಟ್ಟಲನ್ನು ತೆಗೆದು ನೀರಿನ ಕೊಡದ ಪಕ್ಕದ ತಂಪಿಗೆ ಇಟ್ಟೆ, ಒದ್ದೆ ಬಟ್ಟೆ ಹೊದಿಸಿದೆ, ಹೊದಿಸಿದ್ದನ್ನು ತೆಗೆದು ನೋಡಿದೆ. ಮುಖವೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಬೀಜಗಳ ಸುತ್ತ ಮಾತ್ರ ಒಂದಿಷ್ಟು ಹಸಿರು ಜೀವ ಹಿಡಿದುಕೊಂಡಿತ್ತು. ಮಗಳ ತೋಟ ಕಣ್ಣೆದುರೇ ಒಣಗಿದ ಹಾಗಾಯಿತು. ನನಗೆ ಅಳು ಬಂತು ಎಂದು ಬರೆಯಲು ನಾಚಿಕೆ, ಆದರೆ ಬಂತು. ಒಂದು ಬಟ್ಟಲನ್ನು ಮುಚ್ಚಿದ ಹಾಗೆ ಇರಲು ಬಿಡಲಾರದ ತಂದೆ ಯಾವ ತಂದೆ? ಸುಮ್ಮನೆ ಕೂತಿದ್ದರೆ ಸಾಕಿತ್ತು. ಈ ಜಗತ್ತಿನಲ್ಲಿ ನನ್ನಿಂದ ಯಾರೂ ಇದಕ್ಕಿಂತ ಕಡಿಮೆ ಕೆಲಸ ಕೇಳಿರಲಿಕ್ಕಿಲ್ಲ.

ಅಕ್ಷತಾ ರೊಟ್ಟಿಯ ಗಂಟಿನೊಂದಿಗೆ ಬಂದಳು. ಅವಳ ಬೆನ್ನಿಗೇ ಜೀಪು ಬಂತು. ಅಣ್ಣ ಕೈಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಕೂತ. ಮುಖದಲ್ಲಿ ಎರಡು ಮನೆಯ ಚಹಾ ಕುಡಿದವನ ಸಂಕಟವಿತ್ತು.

"ದಾರ್ಯಾಗ ಎಲ್ಲಾರಿಗೂ ನಾ ಬರೂದ ಹೆಂಗ ಗೊತ್ತಾಗಿತ್ತೋ ಏನೋ. ಇರ್ಲಿ. ಎಲ್ಲೈತಿ ಯವ್ವಾ ನಿನ್ನ ಹಸರ ಅಡಿಗಿ?"

ನಾನು ಒದ್ದೆ ಬಟ್ಟೆ ಹೊದಿಸಿದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಕ್ಷತಾ ಹತ್ತಿರ ಬಂದು ಬಟ್ಟೆ ಸರಿಸಿ ನೋಡಿದಳು. ಕಂದು ಹೊಲ, ಎಣ್ಣೆಯ ಕೆರೆ, ಸಾಲಾಗಿ ನೆಟ್ಟ ಬೀಜ. "ಮಗಳ, ತಪ್ಪಾತು ನಂದು," ಎಂದೆ. ಅವಳು ಸಿಟ್ಟಾಗಲಿಲ್ಲ, ಗಾಬರಿಯಾಗಲಿಲ್ಲ. ಬೀಜಗಳನ್ನು ಕಂಡಾಗ ಮಾತ್ರ ತುಟಿ ಕಚ್ಚಿ ನಗು ತಡೆದಳು. "ಇರ್ಲಿ ಬಿಡ್ರಿ ಪಪ್ಪಾ," ಎಂದವಳೇ ಹಿತ್ತಲ ಬಾಗಿಲಿಗೆ ಹೋಗಿ, "ಚಾಚೀ, ತರ್ರಿ!" ಎಂದು ಕೂಗಿದಳು.

ಜುಬೇದಾ ಚಾಚಿ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತ ಒಂದು ಸ್ಟೀಲ್ ಡಬ್ಬಿ ಹಿಡಿದು ಬಂದರು. "ತಗೋರಿ ನಿಮ್ಮ ಅಮಾನತು, ನೀವ ಕಾಯಾಕ ಕೊಟ್ಟದ್ದು. ನಮ್ಮ ಮನ್ಯಾಗ ಯಾರೂ ಮುಟ್ಟಿಲ್ಲ. ನಮ್ಮನಿಯವ್ರಿಗೆ ಅದರಾಗ ಬರೇ ಮೆಹಂದಿ ಐತಿ ಅಂತ ಹೇಳಿದ್ದೆ," ಎಂದರು. ಅಕ್ಷತಾ ಮುಚ್ಚಳ ತೆಗೆದು, ಪ್ಲಾಸ್ಟಿಕ್ ಹಾಳೆಯನ್ನು ಒಂದೇ ಕೈಯಲ್ಲಿ ಸುಲಿದಳು. ಬೆಳಿಗ್ಗೆ ಕುಟ್ಟಣಿಗೆಯಲ್ಲಿ ಎಷ್ಟು ಹಸಿರಿತ್ತೋ ಅಷ್ಟೇ ಹಸಿರು.

ಅಣ್ಣ ಡಬ್ಬಿ ಹಿಡಿದು ಅಂಗಳಕ್ಕೆ ಹೋದ. ಬಿಸಿಲಿಗೆ ಹಿಡಿದ, ನೆರಳಿಗೆ ಹಿಡಿದ, ಚಮಚ ಹಾಕಿ ಅಡಿಯಿಂದ ತಿರುವಿ ಅಲ್ಲಿನ ಬಣ್ಣವನ್ನೂ ನೋಡಿದ. ಆಮೇಲೆ ಖಡಕ್ ರೊಟ್ಟಿ ಮುರಿದು ಒಂದು ತುಂಡಿನಲ್ಲಿ ಎತ್ತಿಕೊಂಡು ಬಾಯಿಗೆ ಹಾಕಿದ. ಇನ್ನೊಂದು ತುಂಡು ಮುರಿದ. ಆ ರೊಟ್ಟಿ ಮುಗಿಯಿತು, ಎರಡನೆಯದನ್ನು ತಾನೇ ಕೈ ಚಾಚಿ ತೆಗೆದುಕೊಂಡ. ಹೊಟ್ಟೆ ತುಂಬಿದವನು ಎರಡನೆಯ ರೊಟ್ಟಿಗೆ ಕೈ ಹಾಕುವುದೆಂದರೆ ಸಾಮಾನ್ಯವಲ್ಲ.

"ರಂಜಕ ಕಲಿಸಿದ್ರ ಇನ್ನೂ ಚಲೋ ಆಗ್ತಿತ್ತು," ಎಂದ. "ಸಾಬಾಣದಂಗ ಇಲ್ಲ. ಮುಂಜಾನಿ ಮಾಡಿದ್ದೇನಬೆ ಇದು?"

"ಹೌದ್ರಿ ದೊಡ್ಡಪ್ಪಾ."

"ಹಂಗಾರ ಅರ್ಧಾ ಜಾಗಾದಾಗ ಹಚ್ಚು. ಉಳದದ್ದು ಆಮ್ಯಾಲ ನೋಡೂಣು." ಹಾಗೆನ್ನುತ್ತ ಅವನ ದೃಷ್ಟಿ ನನ್ನ ಕೈಯಲ್ಲಿದ್ದ ಬಟ್ಟಲಿನ ಮೇಲೆ ಬಿತ್ತು. "ಅದೇನ್ಲೇ ತಮ್ಮಾ, ಎಮ್ಮಿಗೆ ಹಿಂಡಿ ಕಲಿಸಿಯೇನು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಮಗಳ ಕೆಲಸ ಆಯಿತಲ್ಲ ಎಂದು ಕಣ್ಣು ಮಂಜಾದದ್ದು ನಗುವಿನಲ್ಲಿ ಯಾರಿಗೂ ಕಾಣಲಿಲ್ಲ. ಅಣ್ಣ ಹೋಳಿಗೆ ಉಂಡು ಐನಾಪುರಕ್ಕೆ ಹೊರಟ. ಅವನು ಹೊರಟಿದ್ದನ್ನು ನಾನು ಯಾರಿಗೂ ಫೋನ್ ಮಾಡಿ ತಿಳಿಸಲಿಲ್ಲ.

ಸಂಜೆ ಮಹಾದೇವಿ ಹಾಲು ಕಾಯಿಸಿ ಹೆಪ್ಪು ಹಾಕುತ್ತಿದ್ದಳು. ನಾನು ಬಾಗಿಲಿಗೆ ಒರಗಿ ನಿಂತು, "ನಿನ್ನ ಮಗಳು ಭಾಳ ಶಾಣ್ಯಾಕಿ ಆಗ್ಯಾಳ ನೋಡು," ಎಂದೆ. "ಅಪ್ಪ ತಗದ ನೋಡ್ಲಿ ಅಂತ ಒಂದ ಬಟ್ಲ ಬ್ಯಾರೆ ಮಾಡಿ ಇಟ್ಟಿದ್ಲು. ಇಂಥಾ ಯುಕ್ತಿ ಆಕಿಗಿ ಎಲ್ಲಿಂದ ಬಂತು?"

ಅವಳು ದೊಡ್ಡ ಪಾತ್ರೆಯನ್ನು ಮೇಲಿನ ಫಳಿಯ ಮೇಲಿಟ್ಟಳು. ಆಮೇಲೆ ಸಣ್ಣ ಬಟ್ಟಲಿಗೆ ಹಾಲು ಸುರಿದು, ಒಂದು ಹನಿ ಹೆಪ್ಪು ಬಿಟ್ಟು, ತಟ್ಟೆ ಮುಚ್ಚಿ, ನನ್ನ ಕೈಗೆ ಎಟುಕುವ ಹಾಗೆ ಕಟ್ಟೆಯ ಮೇಲೆ ಇಟ್ಟಳು. ಇಟ್ಟು ನನ್ನ ಮುಖ ನೋಡಿದಳು. ನಾನು ಆ ಬಟ್ಟಲನ್ನು ನೋಡಿದೆ. ಮದುವೆಯಾದಾಗಿನಿಂದ ನಾನು ಕುಡಿದ ನೀರು ಮೊಸರೆಲ್ಲ ಒಮ್ಮೆಗೇ ನೆನಪಾಯಿತು.

"ಇದೂ...?" ಎಂದೆ.

"ಇಲ್ಲಾಂದ್ರ ಈ ಮನ್ಯಾಗ ಯಾರಿಗೆರೆ ಮಸರು ಸಿಗ್ತಿತ್ತೇನ್ರೀ?" ಎಂದಳು. ದನಿಯಲ್ಲಿ ಕುಚೋದ್ಯವಿರಲಿಲ್ಲ, ಅದೇ ನನಗೆ ಹೆಚ್ಚು ತಟ್ಟಿತು.

ಸಿಟ್ಟು ಮಾಡಿಕೊಳ್ಳಬೇಕೋ ಸಂತೋಷಪಡಬೇಕೋ ಎಂದು ಬಹಳ ಹೊತ್ತು ಯೋಚಿಸಿದೆ. ಯೋಚಿಸುತ್ತಲೇ ತಟ್ಟೆ ಸರಿಸಿ ಬಟ್ಟಲನ್ನು ವಾಲಿಸಿ ನೋಡಿದೆ. ಹಾಲು ಹಾಲಾಗಿಯೇ ಇತ್ತು.

ಐನಾಪುರದಲ್ಲಿ ಈಗ ಸಸಿ ಹಚ್ಚಿ ಆಗಿದೆ. ಹಚ್ಚುವ ದಿನ ನಾನೂ ಹೋಗಿದ್ದೆ. ಬೇರು ಹಿಡಿಯಿತೋ ಎಂದು ನೋಡಲು ಆಗಾಗ ಬರುತ್ತೇನೆ ಎಂದೆ. ಅಕ್ಷತಾ, "ಅಷ್ಟ ದೂರ ಯಾಕ ಬರ್ತೀರಿ ಪಪ್ಪಾ?" ಎಂದು ಒಂದು ಸಸಿಯನ್ನು ಹಳೆಯ ಎಣ್ಣೆ ಡಬ್ಬಿಯಲ್ಲಿ ನೆಟ್ಟು ಜೀಪಿನಲ್ಲಿ ಇರಿಸಿಕೊಟ್ಟಳು. ಅದು ಚಿಕ್ಕೋಡಿಯ ನಮ್ಮ ಅಂಗಳದಲ್ಲಿದೆ. ಅದು ಯಾತಕ್ಕೆ ಎಂದು ನನಗೆ ಚೆನ್ನಾಗಿ ಗೊತ್ತು, ನಾನೇನು ಕೂಸಲ್ಲ. ಗೊತ್ತಿದ್ದೂ ಬೆಳಿಗ್ಗೆ ಎದ್ದವನು ಮೊದಲು ಅದರ ಬುಡದ ಮಣ್ಣು ಕೆದರಿ ನೋಡುತ್ತೇನೆ, ಕಾಂಡವನ್ನು ಮೆಲ್ಲಗೆ ಜಗ್ಗಿ ನೋಡುತ್ತೇನೆ. ಅದಿನ್ನೂ ಒಂದು ಹೊಸ ಎಲೆಯನ್ನೂ ಬಿಟ್ಟಿಲ್ಲ. ಐನಾಪುರದಲ್ಲಿ ಮಾತ್ರ ಎಲ್ಲ ಸಸಿಗಳೂ ಜೋರಾಗಿ ಚಿಗುರಿವೆ ಎಂದು ನಿನ್ನೆ ಅಣ್ಣ ಫೋನ್ ಮಾಡಿದ್ದ. ಆ ಲೆಕ್ಕದಲ್ಲಿ ನನ್ನ ಡಬ್ಬಿಯ ಸಸಿ ತನ್ನ ಕೆಲಸವನ್ನು ತಪ್ಪದೆ ಮಾಡುತ್ತಿದೆ.